ಯಂತ್ರದ ಅಂಗಗಳೂ ಗೃಹಸ್ಥನ ಹಣವೂ

ಮನೆಗೆ ಗಣಕಯಂತ್ರವನ್ನು ತರಬೇಕೆಂದು ಹೊರಟ ಗೃಹಸ್ಥನಿಗೆ ಎರಡು ದಾರಿಗಳುಂಟು. ಸಿದ್ಧವಾಗಿರುವುದನ್ನು ಕೊಳ್ಳುವುದು ಒಂದು. ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಶ್ರಮ ಹೆಚ್ಚೆಂಬುದು ನಿಜ. ಆದರೆ ಯಾವ ಅಂಗಕ್ಕೆ ಎಷ್ಟು ಹಣ ಸಂದಿತೆಂಬುದು ನಮಗೆ ತಿಳಿದಿರುವುದು. ಮುಂದೆ ಒಂದು ಅಂಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಅಲ್ಪ ವರಮಾನದ ಮನೆಗೆ ಇವು ಸಣ್ಣ ಲಾಭಗಳಲ್ಲ.

ನಮ್ಮ ಕಿರಿಯ ಮಗಳು ಸಂಖ್ಯಾಶಾಸ್ತ್ರವನ್ನು ಓದುತ್ತಿರುವಳು. ಎರಡು ವರ್ಷಗಳ ಕಾಲ ಮೊಬೈಲಿನ ಪುಟ್ಟ ಪರದೆಯ ಮೇಲೆಯೂ, ಬಾಗಿಲು ಮುಚ್ಚುವವರೆಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಕುಳಿತು ಕೆಲಸವನ್ನು ಸಾಗಿಸಿದಳು. ಕೊನೆಯ ವರ್ಷದ ಪ್ರಬಂಧಕ್ಕೆ ಇದು ಸಾಲದೆಂದು ಕಂಡು, ನಿವೃತ್ತಿವೇತನದಲ್ಲಿ ಉಳಿಸಿದ ೪೫,೦೦೦ ರೂಪಾಯಿಗಳನ್ನು ನಾವು ತೆಗೆದಿಟ್ಟೆವು. ಮಾನಿಟರು ಮಾತ್ರ ಹಳೆಯದೊಂದು ಮನೆಯಲ್ಲಿತ್ತು. ಅಷ್ಟರಲ್ಲಿ, ೨೦೨೫ರ ಕೊನೆಯ ತಿಂಗಳುಗಳಲ್ಲಿ, ರ‍್ಯಾಮಿನ ಬೆಲೆ ಬಹಳವಾಗಿ ಏರಿತು. ಕೃತಕ ಬುದ್ಧಿಮತ್ತೆಯ ಕಾರ್ಯಕ್ಕಾಗಿ ಎದ್ದಿರುವ ಭಾರಿ ಗಣಕಾಲಯಗಳು ಸ್ಮರಣೆಯ ಚಿಪ್ಪುಗಳನ್ನು ರಾಶಿರಾಶಿಯಾಗಿ ಸೆಳೆದುಕೊಂಡದ್ದೇ ಇದಕ್ಕೆ ಮುಖ್ಯ ಕಾರಣ.

“ಅಪ್ಪ, ರ‍್ಯಾಮ್ ಅರ್ಧದಷ್ಟೇ ಸಾಕು. ಅಮ್ಮನ ಕಣ್ಣಿಗೆಂದು ಇಟ್ಟಿರುವ ಹಣ ಮುಟ್ಟಬೇಡಿ” ಎಂದಳು ಮಗಳು. ಈ ಮಾತನ್ನು ಕೇಳಿದ ಮೇಲೆ, ಯಾವುದನ್ನು ಕಡಿಮೆ ಮಾಡಬಹುದು, ಯಾವುದನ್ನು ಮಾಡಲಾಗದು ಎಂಬುದನ್ನು ಚೆನ್ನಾಗಿ ವಿಚಾರಿಸುವುದು ನಮ್ಮ ಕರ್ತವ್ಯವಾಯಿತು.

ಪದಗಳು ಸೇರಿ ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ಶಾಸ್ತ್ರಕಾರರು ಹೇಳಿರುವರಷ್ಟೆ. ಬಹುಕಾಲ ಮಕ್ಕಳಿಗೆ ಇದನ್ನು ಪಾಠ ಹೇಳಿದ ನಮಗೆ ಯಂತ್ರದ ವಿಚಾರದಲ್ಲಿಯೂ ಇದೇ ಕ್ರಮ ಒದಗಿತು.

ಆಕಾಂಕ್ಷೆಯೆಂದರೆ ಒಂದು ಮತ್ತೊಂದನ್ನು ಬೇಡುವುದು. ಇಂಟೆಲ್ ಸಂಸ್ಥೆಯ ಕೋರ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿದ್ದರೆ, ಚಿತ್ರವನ್ನು ಪರದೆಗೆ ಕಳುಹಿಸುವ ಭಾಗ ಅದರಲ್ಲಿ ಕೆಲಸ ಮಾಡದು. ಬೆಲೆ ಕಡಿಮೆಯೆಂದು ಅದನ್ನು ತಂದರೆ ಅದು ಗ್ರಾಫಿಕ್ಸ್ ಕಾರ್ಡೊಂದನ್ನು ಬೇಡುವುದು. ಉಳಿಸಿದ್ದಕ್ಕಿಂತ ಹೆಚ್ಚು ಹಣ ಕೈಬಿಡುವುದು. ನಾವು ಆರಿಸಿದ್ದು ಎಎಂಡಿ ಸಂಸ್ಥೆಯು ೨೦೨೧ರಲ್ಲಿ ಹೊರತಂದ ರೈಜನ್ ೫ ೫೬೦೦ಜಿ ಎಂಬುದು. ಇದರಲ್ಲಿ ಆರು ಕೋರುಗಳಿವೆ. ಚಿತ್ರದ ಭಾಗವೂ ಒಳಗೇ ಇದೆ. ಭಾರಿ ಆಟಗಳಿಗೆ ಇದು ಸಾಲದು. ಲೆಕ್ಕ, ಬರವಣಿಗೆ, ಪ್ರೋಗ್ರಾಮುಗಳಿಗೆ ಧಾರಾಳವಾಗಿ ಸಾಕು.

ಇನ್ನು ಯೋಗ್ಯತೆ. ಬೆಂಕಿಯಿಂದ ಗಿಡಕ್ಕೆ ನೀರೆರೆದನೆಂದರೆ ವ್ಯಾಕರಣ ಸರಿಯಾಗಿದ್ದರೂ ಅರ್ಥ ಕೂಡದು. ಬಿಡಿಭಾಗಗಳೂ ಹಾಗೆಯೇ. ಈ ಪ್ರೊಸೆಸರು ಎಎಂ೪ ಎಂಬ ಸಾಕೆಟ್ಟಿನದು; ೨೦೨೨ರಲ್ಲಿ ಬಂದ ಎಎಂ೫ ಮದರ್‌ಬೋರ್ಡಿನಲ್ಲಿ ಕೂರದು. ಮೊದಲನೆಯದಕ್ಕೆ ಡಿಡಿಆರ್೪ ರ‍್ಯಾಮು, ಎರಡನೆಯದಕ್ಕೆ ಡಿಡಿಆರ್೫. ಎರಡು ಬಗೆಯ ಪಟ್ಟಿಗಳಿಗೂ ೨೮೮ ಪಿನ್ನುಗಳೇ. ಆದರೆ ಅಂಚಿನ ಕಚ್ಚು ಬೇರೆಬೇರೆ ಕಡೆ ಇರುವುದರಿಂದ ಒಂದರ ಸ್ಥಾನಕ್ಕೆ ಇನ್ನೊಂದು ಇಳಿಯದು. ಹೊಸ ದಾರಿಯಲ್ಲಿ ಮುಂದೆ ಪ್ರೊಸೆಸರನ್ನು ಬದಲಾಯಿಸಲು ಹೆಚ್ಚು ಅವಕಾಶವುಂಟು. ನಮ್ಮ ಹಣಕ್ಕೆ ಹಳೆಯದೇ ಹೊಂದಿತು.

ಸನ್ನಿಧಿಯೆಂದರೆ ಹತ್ತಿರವಿರುವಿಕೆ. ಗಂಟೆಗೊಂದರಂತೆ ಉಚ್ಚರಿಸಿದ ಪದಗಳು ವಾಕ್ಯವಾಗವು. ತಿಂಗಳಿಗೊಂದು ಭಾಗವನ್ನು ಕೊಂಡರೆ ಹೊರೆ ಕಡಿಮೆಯೆಂದು ನೆರೆಯವರು ಸೂಚಿಸಿದರು. ಆದರೆ ಎಲ್ಲವೂ ಕೂಡುವವರೆಗೆ ಒಂದನ್ನೂ ಸರಿಯಾಗಿ ಪರೀಕ್ಷಿಸಲಾಗದು. ವಾರಂಟಿಯ ಕಾಲವೋ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಸವೆಯತೊಡಗುವುದು. ಆದಕಾರಣ ಹಣ ಪೂರ್ತಿಯಾದ ಮೇಲೆಯೇ ಬೆಂಗಳೂರಿನ ಎಸ್.ಪಿ. ರೋಡಿಗೆ ತಂದೆಮಗಳಿಬ್ಬರೂ ಹೋದೆವು.

ಅಲ್ಲಿ ಅಂಗಡಿಯವರೊಬ್ಬರು ಗಾಜಿನ ಬದಿಯುಳ್ಳ, ಬಣ್ಣಬಣ್ಣದ ದೀಪಗಳು ಹೊಳೆಯುವ ಕ್ಯಾಬಿನೆಟ್ಟನ್ನು ತೋರಿಸಿ, “ಇದನ್ನು ತಗೊಳ್ಳಿ ಸಾರ್, ಎಸ್‌ಎಂಪಿಎಸ್ ಇದರ ಜೊತೆಗೇ ಬರುತ್ತೆ” ಎಂದರು. ಗೃಹಸ್ಥರು ಎಚ್ಚರದಿಂದಿರತಕ್ಕ ಸ್ಥಳ ಇದೇ. ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿ ಎಲ್ಲ ಅಂಗಗಳಿಗೂ ಹಂಚುವ ಭಾಗವೇ ಎಸ್‌ಎಂಪಿಎಸ್. ಅದು ಕೀಳಾದರೆ ತಾನು ಕೆಡುವಾಗ ಉಳಿದವನ್ನೂ ಕೆಡಿಸಬಹುದು. ಯಂತ್ರದ ವೇಗವನ್ನು ಅದು ಹೆಚ್ಚಿಸದು, ಹೊರಗೆ ಕಾಣದು, ಆದುದರಿಂದಲೇ ಅದರಲ್ಲಿ ಉಳಿಸೋಣವೆಂಬ ಆಸೆ ಹುಟ್ಟುವುದು. ನಮ್ಮ ಪ್ರೊಸೆಸರಿನ ಅಂಕಿತ ಶಕ್ತಿ ೬೫ ವಾಟ್. ಗ್ರಾಫಿಕ್ಸ್ ಕಾರ್ಡಿಲ್ಲದ ಇಂತಹ ಯಂತ್ರಕ್ಕೆ ೪೫೦ ವಾಟಿನ ಎಸ್‌ಎಂಪಿಎಸ್ ಬೇಕಾದಷ್ಟಾಯಿತು. ದೊಡ್ಡ ಅಂಕಿಯನ್ನು ಹುಡುಕದೆ, ‘೮೦ ಪ್ಲಸ್’ ಗುರುತನ್ನೂ, ರಕ್ಷಣೆಯ ವ್ಯವಸ್ಥೆಯನ್ನೂ, ವಾರಂಟಿಯ ವರ್ಷಗಳನ್ನೂ ನೋಡಿ ಬೇರೆಯಾಗಿಯೇ ಕೊಂಡೆವು.

ರ‍್ಯಾಮನ್ನು ಅರ್ಧ ಮಾಡಲು ನಾವು ಒಪ್ಪಲಿಲ್ಲ. ಪ್ರೊಸೆಸರಿನೊಳಗಿನ ಚಿತ್ರದ ಭಾಗಕ್ಕೆ ಸ್ವಂತ ಸ್ಮರಣೆಯಿಲ್ಲ. ಅದೂ ಇದೇ ರ‍್ಯಾಮನ್ನೇ ಹಂಚಿಕೊಳ್ಳುವುದು. ೮ ಜಿಬಿಯ ಪಟ್ಟಿ ಒಂದೇ ಇದ್ದರೆ ಜಾಗವೂ ಇಕ್ಕಟ್ಟು, ಮಾಹಿತಿ ಓಡಾಡುವ ದಾರಿಯೂ ಒಂದೇ; ಎರಡಿದ್ದರೆ ದಾರಿಗಳು ಎರಡಾಗುವುವು. ಸಂಗ್ರಹಕ್ಕೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಬದಲು ೫೦೦ ಜಿಬಿಯ ಎಸ್‌ಎಸ್‌ಡಿಯನ್ನು ತೆಗೆದುಕೊಂಡೆವು. ಚಲಿಸುವ ಭಾಗಗಳಿಲ್ಲದ ಅದು ಬೇಕಾದುದನ್ನು ಬಹು ಬೇಗ ಹುಡುಕಿ ಕೊಡುವುದು.

ಹಾಗಾದರೆ ಉಳಿತಾಯವೆಲ್ಲಿ? ದೀಪಗಳನ್ನು ಬಿಟ್ಟೆವು, ಗಾಳಿ ಚೆನ್ನಾಗಿ ಆಡುವ ಸಾದಾ ಕ್ಯಾಬಿನೆಟ್ಟು ಸಾಕಾಯಿತು. ಗ್ರಾಫಿಕ್ಸ್ ಕಾರ್ಡನ್ನು ಬಿಟ್ಟೆವು. ಮದರ್‌ಬೋರ್ಡಿನಲ್ಲಿ ಹಳೆಯ ಮಾನಿಟರಿಗೆ ಹೊಂದುವ ಕಿಂಡಿಯಿದೆಯೆಂದು ನೋಡಿಕೊಂಡು ಸಾಧಾರಣ ದರ್ಜೆಯದನ್ನೇ ಆರಿಸಿದೆವು. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಮಗಳೇ ಹಾಕಿಕೊಂಡಳು. ಒಟ್ಟು ಲೆಕ್ಕ ೪೫,೦೦೦ದೊಳಗೇ ನಿಂತಿತು. ಅವಳ ತಾಯಿಯ ಕಣ್ಣಿನ ಹಣ ಇಟ್ಟಲ್ಲಿಯೇ ಇದೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಅಂಗಡಿಗೆ ಹೋಗುವ ಮುನ್ನ, ಯಂತ್ರದಿಂದ ಆಗಬೇಕಾದ ಕೆಲಸವೇನೆಂದು ಅದನ್ನು ಬಳಸುವವರ ಕೈಯಿಂದಲೇ ಒಂದು ಕಾಗದದಲ್ಲಿ ಬರೆಯಿಸಿರಿ. ಆ ಕೆಲಸಕ್ಕೆ ಬೇಡವಾದುದನ್ನು ಸಂಕೋಚವಿಲ್ಲದೆ ಬಿಡಿರಿ. ಬೇಕಾದುದನ್ನು, ಅದು ಕಣ್ಣಿಗೆ ಕಾಣದಿದ್ದರೂ, ಕೊಳ್ಳಿರಿ. ಪ್ರತಿಯೊಂದಕ್ಕೂ ಜಿಎಸ್‌ಟಿ ಸಹಿತವಾದ ಬಿಲ್ಲನ್ನು ಕೇಳಿ ಪಡೆದು, ಅದರಲ್ಲಿ ಸೀರಿಯಲ್ ನಂಬರನ್ನು ಬರೆಯಿಸಿ, ಮನೆಯ ಮುಖ್ಯ ಕಾಗದಪತ್ರಗಳೊಡನೆ ಜೋಪಾನವಾಗಿ ಇಡತಕ್ಕದ್ದು.