ಈಜಿಪ್ಟ್‌ಗೆ ಒಬ್ಬಳೇ | ಭಾಗ 3: ತಲೆದಿಂಬು

ಹಿಂದಿನ ಎರಡು ಭಾಗಕ್ಕೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಒಬ್ಬರೇ ಯಾಕೆ ಹೋದ್ರಿ? ಗ್ರೂಪ್ ಟೂರ್ ಸಿಗಲಿಲ್ವಾ?"

ಸಿಕ್ತು. ಮೈಸೂರಲ್ಲೇ ಸಿಕ್ತು. ಏಳು ದಿನ, ಆರು ಊರು, ಬೆಳಿಗ್ಗೆ ಇಡ್ಲಿ ಗ್ಯಾರಂಟಿ ಅಂದ್ರು. ಆದರೆ ನಾನು ನೋಡಬೇಕು ಅಂದುಕೊಂಡಿದ್ದ ವಸ್ತುವಿನ ಮುಂದೆ ಯಾವ ಟೂರ್‌ನವರೂ ನಿಲ್ಲಲ್ಲ. ಅದೊಂದು ತಲೆದಿಂಬು. 2ನೇ ಫೋಟೋ ನೋಡಿ. ಮರದ್ದು, ಗೇಣುದ್ದ, ಮೇಲೆ ಕತ್ತು ಕೂರುವಷ್ಟು ತಗ್ಗು. ಅಷ್ಟೇ.

ಇದಕ್ಕೋಸ್ಕರ ಕೈರೋವರೆಗೆ ಹೋದ್ಯಾ ಅಂತ ನಗಬೇಡಿ. ಕಥೆ ಶುರುವಾಗೋದು ನಮ್ಮ ತಿ. ನರಸೀಪುರದಲ್ಲಿ.

ನಂಜನಗೂಡಲ್ಲಿ ನಮ್ಮನೆ ಹತ್ತಿರ ಹರಿಯುವ ಕಪಿಲೆ ಅಲ್ಲಿಗೆ ಹೋಗಿ ಕಾವೇರಿ ಸೇರ್ತಾಳೆ. ಅದು ಅವ್ವನ ತವರು. 1989ರಲ್ಲಿ ಕುಂಭಮೇಳ ಶುರುವಾದಾಗಿಂದ ಅವ್ವ ಸಂಗಮದಲ್ಲಿ ಮುಳುಗು ಹಾಕ್ತಾನೇ ಇದ್ದಾಳೆ. ಅದೇ ಊರಲ್ಲಿ 1959ರಿಂದ 1965ರ ನಡುವೆ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ನವಶಿಲಾಯುಗದ ಕಲ್ಲಿನ ಕೊಡಲಿ, ಮಡಕೆ, ಸಮಾಧಿ ಸಿಕ್ಕಿದವು. ಜೊತೆಗೆ ಸುಟ್ಟ ಮಣ್ಣಿನ ತಲೆದಿಂಬುಗಳು. ಅದಕ್ಕೂ ಎಷ್ಟೋ ಮೊದಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಆರಿಸಿದ ವಸ್ತುಗಳು ಮದ್ರಾಸ್ ಮ್ಯೂಸಿಯಂ ಸೇರಿದ್ದವು. ಆಲ್ಚಿನ್ ಅನ್ನೋ ಬ್ರಿಟಿಷ್ ಪುರಾತತ್ವಜ್ಞ ನಮ್ಮೂರ ತಲೆದಿಂಬುಗಳ ಮೇಲೆಯೇ ಒಂದು ಪ್ರಬಂಧ ಬರೆದಿದ್ದಾರೆ.

ಶೇಷಾದ್ರಿಯವರ ವರದಿ 1971ರಲ್ಲಿ ಪ್ರಕಟವಾಯಿತು. ಅದನ್ನು ಲೈಬ್ರರಿಯಲ್ಲಿ ಕೂತು ಓದಿದ ಮೇಲೆ ನನಗೆ ನಿದ್ದೆಯೇ ಬೇರೆ ಥರ ಆಯ್ತು. ಮೂರೂವರೆ ಸಾವಿರ ವರ್ಷದ ಹಿಂದೆ ಅವ್ವನ ತವರಲ್ಲಿ ಯಾರೋ ದಿನವಿಡೀ ದುಡಿದು, ರಾತ್ರಿ ಹೊಳೆ ಸದ್ದು ಕೇಳ್ತಾ ಮಣ್ಣಿನ ದಿಂಬಿಗೆ ಕತ್ತು ಕೊಟ್ಟು ಮಲಗ್ತಿದ್ರು. ಇಂಥದ್ದೇ ದಿಂಬಿನ ಮೇಲೆ ಈಜಿಪ್ಟಿನವರೂ ಮಲಗ್ತಿದ್ರು ಅಂದಾಗ ಹೋಗಿ ನೋಡಲೇಬೇಕು ಅನ್ನಿಸ್ತು.

(ದಯವಿಟ್ಟು ಇದನ್ನ "ಈಜಿಪ್ಟಿನವರು ಕಾವೇರಿಗೆ ಬಂದಿದ್ರು" ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬೇಡಿ. ಆಫ್ರಿಕಾದ ಎಷ್ಟೋ ಕಡೆ ಇವತ್ತಿಗೂ ಮರದ ತಲೆದಿಂಬು ಬಳಸ್ತಾರೆ. ಸೆಕೆಗೆ ಕತ್ತಿನ ಕೆಳಗೆ ಗಾಳಿ ಆಡುತ್ತೆ, ಕಟ್ಟಿದ ಜಡೆ ಕೆಡಲ್ಲ. ಈ ಉಪಾಯ ಎರಡು ಕಡೆ ಬೇರೆ ಬೇರೆಯಾಗಿ ಹೊಳೆದಿರಬಹುದು.)

ಈಗ ದುಡ್ಡಿನ ವಿಷಯ. ನನಗೆ 39. ಮದುವೆ ಆಗಿಲ್ಲ. ನನ್ನ ಮದುವೆಗೆ ಅಂತ ಅವ್ವ ಕಟ್ಟಿದ್ದ ಚೀಟಿ ದುಡ್ಡು ಬ್ಯಾಂಕಲ್ಲಿ ಹಂಗೇ ಇತ್ತು. ಒಂದು ರಾತ್ರಿ ಪಾಸ್‌ಬುಕ್ ತಂದು ಮುಂದೆ ಇಟ್ಟಳು. "ಇನ್ನೆಷ್ಟ್ ದಿನ ಇಟ್ಕಂಡು ಕೂತಿರ್ಲಿ ಮಗ, ತಗೋ." ಅವಳು ಅವತ್ತು ಯಾವ ಆಸೆ ಬಿಟ್ಟುಕೊಟ್ಟಳು ಅಂತ ಇಬ್ಬರಿಗೂ ಗೊತ್ತಿತ್ತು. ಆ ಬಗ್ಗೆ ಮಾತಾಡಲಿಲ್ಲ. ಅನ್ನಕ್ಕೆ ಸಾರು ಬಡಿಸಿದಳು, ಉಂಡ್ವಿ. ಮಲಗುವ ಹೊತ್ತಿಗೆ ಮಾತ್ರ ಕೇಳಿದಳು: "ಯಾರ್ ಜೊತೇಲಿ ಹೋಯ್ತೀಯ?"

"ಒಬ್ಳೇ ಕಣವ್ವ."

ಆಮೇಲೆ ಅದೇ ಪ್ರಶ್ನೆ ದೊಡ್ಡಪ್ಪ, ಪಕ್ಕದ್ಮನೆ ಆಂಟಿ, ಆಫೀಸು, ಎಲ್ಲಾ ಕಡೆ. ಆಫೀಸಲ್ಲಿ ಮದುವೆ ಅಂದ್ರೆ ರಜೆ, ಸಾವು ಅಂದ್ರೆ ರಜೆ. ಈಜಿಪ್ಟ್ ಅಂದಿದ್ದಕ್ಕೆ ನಗು.

ಪ್ಲ್ಯಾನ್ ಮಾಡೋರಿಗೆ ನನ್ನ ಒಂದೇ ಮಾತು: ಊರುಗಳನ್ನ ಹೊಡೆದು ಹಾಕಿ. ಅಬು ಸಿಂಬೆಲ್, ಅಲೆಕ್ಸಾಂಡ್ರಿಯಾ ಎರಡೂ ಬಿಟ್ಟೆ. ಕೈರೋ 4 ದಿನ, ಲಕ್ಸರ್ 5 ದಿನ, ಮಧ್ಯೆ ಒಂದು ರಾತ್ರಿ ರೈಲು. ಚಳಿಗಾಲದಲ್ಲೇ ಹೋಗಿ. ಕೈರೋ ಮೆಟ್ರೋದಲ್ಲಿ ಹೆಂಗಸರಿಗೇ ಬೇರೆ ಬೋಗಿ ಇದೆ, ಧೈರ್ಯವಾಗಿ ಹತ್ತಿ. ಪಿರಮಿಡ್ ಬಗ್ಗೆ ನಾನೇನೂ ಹೇಳಲ್ಲ, ಹೋದ್ರೆ ಹೆಂಗೂ ನೋಡ್ತೀರ.

ತಹ್ರೀರ್ ಚೌಕದ ಹಳೇ ಮ್ಯೂಸಿಯಂಗೆ ಎರಡು ದಿನ ಹೋದೆ. ದಿಂಬಿನ ಕಪಾಟಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಐದಾರು ಗುಂಪು ಬಂದು ಹೋದವು, ಒಂದೂ ನಿಲ್ಲಲಿಲ್ಲ. ರಾಜರದ್ದಾದ್ರೆ ವೈಭವ ಬೇರೆ. 1922ರಲ್ಲಿ ಪತ್ತೆಯಾದ ಟುಟಾಂಖಾಮುನ್ ಗೋರಿಯ ದಂತದ ತಲೆದಿಂಬನ್ನ ಗಾಳಿಯ ದೇವರು ಶು ಎರಡೂ ಕೈಯೆತ್ತಿ ಹೊತ್ತಿದ್ದಾನೆ, ಆ ಕಡೆ ಈ ಕಡೆ ಸಿಂಹ. ಸತ್ತವರ ತಲೆಯನ್ನ ಯಾರೂ ಕಸಿದುಕೊಳ್ಳದಿರಲಿ ಅಂತ ತಲೆದಿಂಬಿಗೇ ಒಂದು ಮಂತ್ರ ಇತ್ತು. ನನಗೆ ಬೇಕಿದ್ದದ್ದು ಮಾತ್ರ ಬಣ್ಣವಿಲ್ಲದ, ಸವೆದ ಈ ಮರದ್ದೇ.

ಫೋಟೋ ಕಳಿಸಿದೆ. ಅವ್ವ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಕತ್ತು ನೋಯಾಕಿಲ್ವಾ ಮಗ ಅವ್ರ್ಗೆ?"

ಲಕ್ಸರಲ್ಲಿ ನೈಲ್ ನದಿಯ ಪಶ್ಚಿಮ ದಡಕ್ಕೆ ಜನರ ಫೆರ್ರಿ ಇದೆ. ಆ ಕಡೆ ಇಳಿದರೆ ಕಬ್ಬಿನ ಗದ್ದೆ. ಥೇಟ್ ನರಸೀಪುರದ ರಸ್ತೆ. ಗದ್ದೆ ಮುಗಿದ ಕೂಡಲೇ ಮರಳುಗಾಡು, ಅಲ್ಲೇ ರಾಜರ ಗೋರಿ ಕೊರೆದ ಕೆಲಸಗಾರರ ಹಳ್ಳಿ ದೇರ್ ಎಲ್ ಮದೀನಾ (5ನೇ ಫೋಟೋ). ಮೊಳಕಾಲೆತ್ತರದ ಗೋಡೆಗಳು, ಇಕ್ಕಟ್ಟಿನ ಮನೆಗಳು. 3,200 ವರ್ಷ ಹಳೆಯ ಒಂದು ಹಾಜರಿ ಪಟ್ಟಿ ಈ ಹಳ್ಳಿಯದ್ದು, ಸುಣ್ಣಕಲ್ಲಿನ ಮೇಲೆ ಬರೆದದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾವತ್ತು ಯಾಕೆ ಕೆಲಸಕ್ಕೆ ಬರಲಿಲ್ಲ ಅಂತ ಅದರಲ್ಲಿದೆ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬ ಮನೇಲಿ ಬಿಯರ್ ತಯಾರಿಸ್ತಿದ್ದಾನೆ. ಅದಕ್ಕೂ ರಜೆ! ನಮ್ಮ ಆಫೀಸಿನವರಿಗೆ ಓದಿ ಹೇಳಬೇಕು.

ವಾಪಸ್ ಬರ್ತಾ ಫೆರ್ರೀಲಿ ಒಬ್ಬ ವಯಸ್ಸಾದ ಹೆಂಗಸು ಪಕ್ಕ ಕೂತರು. ಅರಬ್ಬಿ ನನಗೆ ಬರಲ್ಲ. ಒಂದು ಬೆರಳೆತ್ತಿ ನನ್ನ ಕಡೆ ತೋರಿಸಿ ಹುಬ್ಬು ಹಾರಿಸಿದರು: ಒಬ್ಬಳೇನಾ? ಹೂಂ ಅಂತ ತಲೆ ಆಡಿಸಿದೆ. ಚೀಲದಿಂದ ಒಂದು ಕಿತ್ತಳೆ ತೆಗೆದು ಕೈಗಿಟ್ಟರು. ನಮ್ಮೂರ ರಸಬಾಳೆ ಇದ್ದಿದ್ರೆ ಕೊಡ್ತಿದ್ದೆ. ಪರ್ಸಲ್ಲಿದ್ದ ಎರಡು ಕಡ್ಲೆಮಿಠಾಯಿ ಕೊಟ್ಟೆ.

ಪಾಸ್‌ಪೋರ್ಟ್, ವೀಸಾ ಕಾಗದ, ಖರ್ಚಿನ ಲೆಕ್ಕ ಎಲ್ಲಾ ಭಾಗ 4ರಲ್ಲಿ. ಅಲ್ಲೀವರೆಗೆ, ನಿಮ್ಮನೇಲಿ "ಯಾರ ಜೊತೆ?" ಅಂತ ಮೊದಲು ಕೇಳೋರು ಯಾರು? ಕಾಮೆಂಟಲ್ಲಿ ಹೇಳಿ.