ಗೊಣಗುವ ಹಕ್ಕು

ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಮೆಲ್ಬರ್ನಿನಲ್ಲಿರುವ ಮಗಳ ಮನೆಗೆ ಹೋಗಿ, ಮೂರು ತಿಂಗಳಿದ್ದು ಹಿಂದಿರುಗಿದರು. ಬಂದವರನ್ನು ನೆರೆಹೊರೆಯವರು ಸುಮ್ಮನೆ ಬಿಟ್ಟಾರೆಯೆ? “ಹೇಗಿದೆ ಸ್ವಾಮಿ, ಆಸ್ಟ್ರೇಲಿಯ?” ಎಂದು ಕೇಳಿದವರಿಗೆಲ್ಲ ಅವರು ಕೊಟ್ಟ ಉತ್ತರ ಒಂದೇ: “ದೇಶವೇನೋ ಬಹಳ ಚೆನ್ನಾಗಿದೆ. ಆದರೆ ಅಲ್ಲಿಯವರ ಮಾತು ಕೇಳಿದರೆ ಹಾಗೆ ತೋರುವುದಿಲ್ಲ!”

ಗೊಣಗದ ಜನಾಂಗ ಭೂಮಿಯ ಮೇಲೆ ಯಾವುದೂ ಇಲ್ಲವೆನ್ನಬೇಕು. ಮದುವೆಯ ಮನೆಯಲ್ಲಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಕೈ ತೊಳೆಯುವಾಗ “ಸಾರಿಗೆ ಉಪ್ಪು ಸಾಲದು” ಎನ್ನುವ ಪುಣ್ಯಾತ್ಮರು ಕನ್ನಡ ನಾಡಿನಲ್ಲಿ ಊರಿಗೆ ನೂರು ಮಂದಿ ಸಿಕ್ಕುತ್ತಾರೆ. ಆಸ್ಟ್ರೇಲಿಯದವರು ಈ ಕೆಲಸಕ್ಕೆ ‘ವಿಂಜ್’ ಎಂಬ ಬೇರೆಯ ಹೆಸರನ್ನೇ ಬಳಸುತ್ತಾರೆ. ತಮಾಷೆಯೆಂದರೆ, ಆ ಮಾತನ್ನು ಅವರು ತಮಗೆ ಅನ್ವಯಿಸಿಕೊಳ್ಳುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಹತ್ತೇ ಪೌಂಡು ಹಡಗಿನ ಬಾಡಿಗೆ ಕೊಟ್ಟು ಸರ್ಕಾರದ ಸಹಾಯದಿಂದ ಲಕ್ಷಗಟ್ಟಲೆ ಇಂಗ್ಲಿಷರು ಅಲ್ಲಿಗೆ ಬಂದರು. ಬಂದವರು ಬಿಸಿಲನ್ನೂ ನೊಣವನ್ನೂ ತಗಡಿನ ಗುಡಿಸಲನ್ನೂ ಕಂಡು ಗೊಣಗಿದರು. ಆಗ ಸ್ಥಳೀಯರು ಅವರನ್ನು ‘ಗೊಣಗುವ ಇಂಗ್ಲಿಷರು’ ಎಂದು ಹಳಿದರು. ಹೀಗೆ, ಇನ್ನೊಬ್ಬನು ಗೊಣಗುತ್ತಾನೆಂದು ಗೊಣಗುವುದರಲ್ಲಿ ಅವರ ಕಾಲ ಸುಖವಾಗಿ ಕಳೆಯಿತು.

ಉಪಾಧ್ಯಾಯರು ಕೇಳಿದ ದೂರುಗಳ ಪಟ್ಟಿ ಉದ್ದವಾದುದು. ಮೊದಲನೆಯದು ಹವೆ. ಮೆಲ್ಬರ್ನಿನಲ್ಲಿ ಒಂದೇ ದಿನದಲ್ಲಿ ನಾಲ್ಕು ಋತುಗಳು ಬಂದು ಹೋಗುತ್ತವೆಂಬುದು ಲೋಕವಿದಿತ. ಬೆಳಗ್ಗೆ ಉಣ್ಣೆಯ ಅಂಗಿ ತೊಟ್ಟು ಹೊರಟವನು ಮಧ್ಯಾಹ್ನ ಅದನ್ನು ಹೊತ್ತುಕೊಂಡು ತಿರುಗುತ್ತಾನೆ. ಸಂಜೆ ಅದನ್ನು ಆಫೀಸಿನಲ್ಲಿಯೇ ಮರೆತು ಮಳೆಯಲ್ಲಿ ನೆನೆಯುತ್ತ ಮನೆಗೆ ಬರುತ್ತಾನೆ. ಎರಡನೆಯದು ಮನೆಯ ಬೆಲೆ. ಶನಿವಾರ ಬಂದಿತೆಂದರೆ ಮನೆಗಳನ್ನು ಬೀದಿಯಲ್ಲಿಯೇ ಹರಾಜು ಕೂಗುತ್ತಾರೆ. ಕೊಳ್ಳುವವರಿಗಿಂತ ನೋಡಿ ನಿಟ್ಟುಸಿರು ಬಿಡುವವರೇ ಹೆಚ್ಚು. ಮೂರನೆಯದು ಮ್ಯಾಗ್‌ಪೈ ಎಂಬ ಕಪ್ಪು ಬಿಳುಪಿನ ಹಕ್ಕಿ. ವಸಂತದಲ್ಲಿ ಗೂಡು ಕಟ್ಟಿದ ಗಂಡು ಹಕ್ಕಿ ದಾರಿಹೋಕರ ತಲೆಯ ಮೇಲೆ ಎರಗುತ್ತದೆ. ಕಾಯಿದೆ ಆ ಹಕ್ಕಿಗೆ ರಕ್ಷಣೆ ಕೊಟ್ಟಿರುವುದರಿಂದ ಅದರ ಮೈ ಮುಟ್ಟುವಂತಿಲ್ಲ. ಸೈಕಲ್ಲಿನವರು ತಮ್ಮ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಸಿಕ್ಕಿಸಿಕೊಂಡು ಮುಳ್ಳುಹಂದಿಯಂತೆ ಸಾಗುತ್ತಾರೆ. ಆ ಹೆಲ್ಮೆಟ್ಟಿನ ಮೇಲೂ ದೂರುಂಟು: ಸೈಕಲ್ ಸವಾರರೆಲ್ಲರೂ ಅದನ್ನು ತೊಡಲೇಬೇಕೆಂದು 1990ರಲ್ಲಿ ಪ್ರಪಂಚದಲ್ಲಿಯೇ ಮೊದಲು ಕಾಯಿದೆ ತಂದುದು ಮೆಲ್ಬರ್ನ್ ರಾಜಧಾನಿಯಾಗಿರುವ ವಿಕ್ಟೋರಿಯ ರಾಜ್ಯ.

ಪ್ರಯಾಣದ ಮಾತೆತ್ತಿದರಂತೂ ಮುಗಿಯುವುದೇ ಇಲ್ಲ. ಹಿಂದೆ ಅಲ್ಲಿಯ ವಸಾಹತುಗಳು ಒಂದೊಂದೂ ತನಗೆ ತೋರಿದ ಅಗಲಕ್ಕೆ ರೈಲುಹಳಿ ಹಾಕಿಕೊಂಡವು: ವಿಕ್ಟೋರಿಯದಲ್ಲಿ 1600 ಮಿಲಿಮೀಟರು, ನ್ಯೂ ಸೌತ್ ವೇಲ್ಸಿನಲ್ಲಿ 1435, ಕ್ವೀನ್ಸ್‌ಲೆಂಡಿನಲ್ಲಿ 1067. ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವವರು ಗಡಿಯ ಆಲ್ಬರಿ ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ಇಳಿದು ಇನ್ನೊಂದು ಗಾಡಿ ಹತ್ತಬೇಕಿತ್ತು. 1895ರಲ್ಲಿ ಬಂದಿದ್ದ ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್ ಕೂಡ ಈ ವಿಷಯವಾಗಿ ಗೊಣಗಿಯೇ ಹೋದನು. ಮೀಟರ್ ಗೇಜು, ಬ್ರಾಡ್ ಗೇಜುಗಳ ನಡುವೆ ಹಾಸಿಗೆ ಸುರುಳಿ ಹೊತ್ತು ಓಡಿದ ಕನ್ನಡದ ಹಿರಿಯರಿಗೆ ಈ ಸಂಕಟ ಅರ್ಥವಾದೀತು. ಎರಡು ನಗರಗಳ ನಡುವೆ ಒಂದೇ ಅಗಲದ ಹಳಿ ಬಂದುದು 1962ರಲ್ಲಿ. ಇಂದಿಗೂ ಆ ಪ್ರಯಾಣಕ್ಕೆ ಸುಮಾರು 11 ಗಂಟೆ ಬೇಕು. ಅತಿವೇಗದ ರೈಲಿನ ಪ್ರಸ್ತಾಪ 1984ರಷ್ಟು ಹಿಂದೆಯೇ ಬಂದಿತ್ತು. ಅಂದಿನಿಂದ ವರದಿಗಳು ವೇಗವಾಗಿ ಬರುತ್ತಲೇ ಇವೆ. ರೈಲು ಮಾತ್ರ ಬಂದಿಲ್ಲ.

ಗಡಿಯಾರದ ಕಥೆಯೂ ಹೀಗೆಯೇ. ಬೇಸಗೆಯಲ್ಲಿ ಕೆಲವು ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತವೆ, ಕೆಲವು ಇಡುವುದಿಲ್ಲ. ಆಗ ಆ ಖಂಡದಲ್ಲಿ ಐದು ಬಗೆಯ ಕಾಲಮಾನ ನಡೆಯುತ್ತದೆ. ಕ್ವೀನ್ಸ್‌ಲೆಂಡಿನವರು 1992ರಲ್ಲಿ ಮತ ಹಾಕಿ “ನಮಗೆ ಬೇಡ” ಎಂದರು. ಅದರ ಫಲವಾಗಿ, ಗಡಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಟ್ವೀಡ್ ಹೆಡ್ಸ್ ಮತ್ತು ಕೂಲಂಗಟ್ಟ ಎಂಬ ಊರುಗಳಲ್ಲಿ ರಸ್ತೆ ದಾಟಿದರೆ ಒಂದು ಗಂಟೆ ವ್ಯತ್ಯಾಸ. ಹೊಸ ವರ್ಷವನ್ನು ಅಲ್ಲಿ ಎರಡು ಸಲ ಬರಮಾಡಿಕೊಳ್ಳಬಹುದು. ಎರಡು ಸಲ ಗೊಣಗಲೂಬಹುದು.

ಇನ್ನು ರಾಜಕಾರಣ. 2010, 2013, 2015, 2018, ಈ ನಾಲ್ಕು ವರ್ಷಗಳಲ್ಲಿ ಅಧಿಕಾರದಲ್ಲಿದ್ದ ಪ್ರಧಾನಿಯನ್ನು ಅವರ ಪಕ್ಷದವರೇ ಇಳಿಸಿದರು. ಕೆವಿನ್ ರಡ್ಡರನ್ನು ಇಳಿಸಿ ಜೂಲಿಯಾ ಗಿಲ್ಲಾರ್ಡ್ ಬಂದರು. ಗಿಲ್ಲಾರ್ಡರನ್ನು ಇಳಿಸಿ ರಡ್ಡರೇ ಮತ್ತೆ ಬಂದರು. ಪ್ರಜೆಗಳು ಒಬ್ಬ ಪ್ರಧಾನಿಯನ್ನು ಬಯ್ಯುವುದನ್ನು ರೂಢಿಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಆ ಪೀಠದಲ್ಲಿರುತ್ತಿದ್ದರು.

ಉಪಾಧ್ಯಾಯರು ಅಲ್ಲಿದ್ದಾಗಲೇ, 2025ರ ಮೇ 3ರಂದು, ಸಾರ್ವತ್ರಿಕ ಚುನಾವಣೆ ನಡೆಯಿತು. ಚುನಾವಣೆ ಅಲ್ಲಿ ಶನಿವಾರವೇ. ಮಗಳೊಡನೆ ಹತ್ತಿರದ ಶಾಲೆಗೆ ಹೋದರೆ, ಅದು ಮತದಾನದ ಸ್ಥಳವೋ ಜಾತ್ರೆಯೋ ತಿಳಿಯಲಿಲ್ಲ. ಅಂಗಳದಲ್ಲಿ ಒಲೆ ಹೂಡಿ, ಮಕ್ಕಳ ತಾಯ್ತಂದೆಯರು ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಿದ್ದರು. ಬಂದ ಹಣ ಶಾಲೆಗೆ. ಇದಕ್ಕೆ ‘ಪ್ರಜಾಪ್ರಭುತ್ವದ ಸಾಸೇಜು’ ಎಂದು ಹೆಸರು. 2016ರಲ್ಲಿ ಅಲ್ಲಿಯ ನಿಘಂಟು ಕೇಂದ್ರದವರು ಅದನ್ನೇ ವರ್ಷದ ಪದವೆಂದು ಆರಿಸಿದ್ದರು. ಉಪಾಧ್ಯಾಯರಿಗೆ ಬರಿಯ ಸುಟ್ಟ ಈರುಳ್ಳಿಯ ಬ್ರೆಡ್ಡು ದೊರೆಯಿತು. ಅದನ್ನು ಹಿಡಿದುಕೊಂಡು ಅವರು ಸಾಲಿನ ಪಕ್ಕದಲ್ಲಿ ನಿಂತರು. ಸಾಲಿನಲ್ಲಿದ್ದವರೆಲ್ಲರೂ ಏನನ್ನಾದರೂ ದೂರುತ್ತಲೇ ಇದ್ದರು.

“ಇಷ್ಟು ಬೇಸರವಿದ್ದರೆ ಇವರೆಲ್ಲ ಯಾಕಮ್ಮಾ ಬಂದಿದ್ದಾರೆ?”

“ಬರದಿದ್ದರೆ ದಂಡವಪ್ಪಾ. ಇಪ್ಪತ್ತು ಡಾಲರು.”

“ಬಂದವರು ಬಯ್ದರೆ?”

“ಅದಕ್ಕೆ ದಂಡವಿಲ್ಲ.”

ಉಪಾಧ್ಯಾಯರಿಗೆ ಈ ಮಾತು ಬಹಳ ಹಿಡಿಸಿತು. ಮನೆಗೆ ಬಂದು ಮಗಳ ಪುಸ್ತಕಗಳನ್ನು ತಿರುವಿಹಾಕಿದರು. 1922ರ ಚುನಾವಣೆಯಲ್ಲಿ ನೂರಕ್ಕೆ ಅರವತ್ತು ಮಂದಿಯೂ ಮತ ಹಾಕಿರಲಿಲ್ಲ. 1924ರಲ್ಲಿ ಮತದಾನ ಕಡ್ಡಾಯವಾಯಿತು. ಮರುವರ್ಷವೇ ಆ ಸಂಖ್ಯೆ ತೊಂಬತ್ತೊಂದನ್ನು ದಾಟಿತು. 1856ರಲ್ಲಿ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯದವರು ತಂದ ಗುಪ್ತ ಮತದಾನದ ಪದ್ಧತಿ ಬಹುಕಾಲ ಲೋಕದಲ್ಲೆಲ್ಲ ‘ಆಸ್ಟ್ರೇಲಿಯದ ಮತಪತ್ರ’ವೆಂದೇ ಹೆಸರಾಗಿತ್ತು. ಆ ಮತಪತ್ರವೂ ದೂರಿಗೆ ಹೊರತಲ್ಲವೆನ್ನಿ. 2013ರಲ್ಲಿ ಸೆನೆಟ್ಟಿನ ಮತಪತ್ರ ಕೆಲವು ರಾಜ್ಯಗಳಲ್ಲಿ ಒಂದು ಮೀಟರಿಗಿಂತ ಅಗಲವಾಗಿ, ಅಭ್ಯರ್ಥಿಗಳ ಹೆಸರು ಓದುವುದಕ್ಕೆ ಭೂತಗನ್ನಡಿಯ ಹಾಳೆಗಳನ್ನು ಒದಗಿಸಬೇಕಾಯಿತು! ಆದರೂ, ಗೊಣಗುವವನು ಸಾಲಿನಲ್ಲಿ ನಿಂತು ತನ್ನ ಹೊಣೆಯನ್ನೂ ಸಲ್ಲಿಸಲಿ ಎಂಬ ನಿಯಮದಲ್ಲಿ ಒಂದು ನ್ಯಾಯವುಂಟು. ಸಾಲಿನಲ್ಲಿ ನಿಂತವನ ಗೊಣಗಾಟಕ್ಕೆ ಬೆಲೆಯುಂಟು.

ಹಾಗಾದರೆ ಸಾಲಿನಲ್ಲಿ ನಿಲ್ಲುವುದಕ್ಕೇ ಬಿಡದಿದ್ದವರ ಗತಿಯೇನು? ಪುಸ್ತಕದ ಮುಂದಿನ ಪುಟಗಳನ್ನು ಓದುತ್ತ ಉಪಾಧ್ಯಾಯರ ಮುಖ ಗಂಭೀರವಾಯಿತು. 1902ರ ಕಾಯಿದೆ ಅಲ್ಲಿಯ ಬಿಳಿಯ ಹೆಂಗಸರಿಗೂ ಮತ ಕೊಟ್ಟಿತು. ಇಂಗ್ಲೆಂಡಿನ ಹೆಂಗಸರಿಗೆ ಇನ್ನೂ ಇಲ್ಲದ ಕಾಲವದು. ಆದರೆ ಆ ಕಾಯಿದೆಯೇ ಆಸ್ಟ್ರೇಲಿಯ, ಏಷ್ಯ, ಆಫ್ರಿಕಗಳ ಮೂಲನಿವಾಸಿಗಳನ್ನು, ಕೆಲವರನ್ನುಳಿದು, ಹೊರಗಿಟ್ಟಿತು. ಅಲ್ಲಿ ನೆಲಸಿದ್ದ ಭಾರತೀಯರ ಪರವಾಗಿ ವಾದಿಸಲು 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆ ದೇಶದಲ್ಲಿ ಸಂಚರಿಸಿದರು. 1925ರಲ್ಲಿ ಬ್ರಿಟಿಷ್ ಇಂಡಿಯದವರಿಗೆ ಮತ ದೊರೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ನೆಲದಲ್ಲಿಯೇ ಇದ್ದವರಿಗೆ? ರಾಷ್ಟ್ರದ ಚುನಾವಣೆಯಲ್ಲಿ ಅವರೆಲ್ಲರಿಗೂ ಹಕ್ಕು ದೊರೆತುದು 1962ರಲ್ಲಿ. ಇತರರಂತೆ ಅವರೂ ಹೆಸರು ನೋಂದಾಯಿಸಲೇಬೇಕೆಂಬ ನಿಯಮ ಬಂದುದು 1984ರಲ್ಲಿ. ಸಮುದ್ರ ದಾಟಿ ಬಂದವನ ದೂರು ಮೊದಲು ಕೇಳಿಸಿತು, ಮನೆಯೊಳಗಿನವನದು ಕೇಳಿಸಲಿಲ್ಲ.

1967ರಲ್ಲಿ ಅವರ ಪರವಾಗಿ ಸಂವಿಧಾನವನ್ನು ತಿದ್ದಲು ನೂರಕ್ಕೆ ತೊಂಬತ್ತು ಮಂದಿಗೂ ಹೆಚ್ಚು ಜನ ಒಪ್ಪಿದರು. ಸಂಸತ್ತಿಗೆ ಅವರ ದನಿಯನ್ನು ಮುಟ್ಟಿಸುವ ಒಂದು ಮಂಡಲಿಯನ್ನು ಸಂವಿಧಾನದಲ್ಲಿಯೇ ಸೇರಿಸೋಣವೆಂದು 2023ರ ಅಕ್ಟೋಬರ್ 14ರಂದು ಕೇಳಿದಾಗ, ಸುಮಾರು ಅರವತ್ತು ಮಂದಿ ಬೇಡವೆಂದರು. ಬೇಡವೆನ್ನಲು ಒಬ್ಬೊಬ್ಬರಿಗೆ ಒಂದೊಂದು ಕಾರಣವಿತ್ತು. ಎಲ್ಲರ ಮನಸ್ಸೂ ಕೆಟ್ಟದೆನ್ನುವುದು ಅನ್ಯಾಯವಾದೀತು. ಆದರೆ ಗೊಣಗಾಟ ಬೇರೆ, ಅಳಲು ಬೇರೆ. ಹೊಟ್ಟೆ ತುಂಬಿದವನು ಸಾರಿಗೆ ಉಪ್ಪು ಸಾಲದೆನ್ನುತ್ತಾನೆ; ಎಲೆಯೇ ಹಾಕಿಸಿಕೊಳ್ಳದವನು ಏನೆಂದಾನು? ಊಟದ ಮನೆಯ ಗದ್ದಲದಲ್ಲಿ ಮೊದಲನೆಯವನ ದನಿಯೇ ದೊಡ್ಡದಾಗಿ ಕೇಳುವುದು. ಇದು ಆಸ್ಟ್ರೇಲಿಯಕ್ಕೆ ಮಾತ್ರ ಸಲ್ಲುವ ಮಾತಲ್ಲವೆಂಬುದು ಉಪಾಧ್ಯಾಯರಿಗೂ ತಿಳಿದಿತ್ತು.

ಹಿಂದಿರುಗುವ ಹಿಂದಿನ ದಿನ ಮಗಳು ಕೆಲಸದಿಂದ ತಡವಾಗಿ ಬಂದಳು. ಚೀಲವನ್ನು ಕುರ್ಚಿಯ ಮೇಲೆಸೆದು, ರೈಲು ತಡವೆಂದೂ ಕಾಫಿಯ ಬೆಲೆ ಮತ್ತೆ ಏರಿತೆಂದೂ ಈ ಸರ್ಕಾರಕ್ಕೆ ಹೇಳುವವರಿಲ್ಲವೆಂದೂ ಕಾಲು ಗಂಟೆ ಬಯ್ದಳು. ತಂದೆ ಕೇಳುತ್ತ ಕುಳಿತರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಫೋನಿನಲ್ಲಿ “ಇಲ್ಲಿ ಎಲ್ಲವೂ ಚೆನ್ನಾಗಿದೆಯಪ್ಪಾ” ಎನ್ನುತ್ತಿದ್ದುದು ನೆನಪಿಗೆ ಬಂದಿತು. ಅತಿಥಿಯಾದವನು ಸಾರಿನಲ್ಲಿ ಉಪ್ಪಿಲ್ಲವೆಂದು ಹೇಳುವುದಿಲ್ಲ. ಹೇಳುವವರು ಮನೆಯವರು. ಅವರ ಎದೆಯಲ್ಲಿ ಏನೋ ಒಂದು ನೆಮ್ಮದಿಯೂ, ಅದರ ಹಿಂದೆಯೇ ಏನೋ ಒಂದು ನೋವೂ ಹಾದುಹೋಯಿತು.

ಮೈಸೂರಿನಲ್ಲಿ ಪಕ್ಕದ ಮನೆಯ ಹಿರಿಯರು ಕೇಳಿದರು: “ಮಗಳು ಅಳಿಯ ಎಂದಿಗೆ ಹಿಂದಿರುಗುತ್ತಾರೆ, ಸ್ವಾಮಿ?”

“ಅವಳು ಈಗ ಅಲ್ಲಿಯ ರೈಲನ್ನು ಬಯ್ಯುತ್ತಿದ್ದಾಳೆ” ಎಂದರು ಉಪಾಧ್ಯಾಯರು.

“ಓಹೋ, ಬೇಸರ ಬಂದಿದೆಯೆನ್ನಿ. ಹಾಗಾದರೆ ಬೇಗ ಬಂದುಬಿಡುತ್ತಾರೆ.”

ಉಪಾಧ್ಯಾಯರು ಅವರ ಮಾತನ್ನು ತಿದ್ದಲಿಲ್ಲ.