ಆಟದ ಸುಖ, ಪದಕದ ಲೆಕ್ಕ

ನಿಮ್ಮ ಮನೆಯಲ್ಲಿ ವೀಡಿಯೋ ಗೇಮ್ ಆಡುವ ಮಕ್ಕಳೋ ತರುಣರೋ ಇದ್ದರೆ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಆಟ ನಡೆಯುತ್ತಿರುವಾಗಲೇ ತೆರೆಯ ಒಂದು ಮೂಲೆಯಲ್ಲಿ ಸಣ್ಣದೊಂದು ಪಟ್ಟಿ ಮೂಡುತ್ತದೆ, ಟಿಣ್ ಎಂಬ ಸದ್ದು ಕೇಳುತ್ತದೆ, ಆಡುವವನ ಮುಖ ಕ್ಷಣಕಾಲ ಅರಳುತ್ತದೆ. ಏನದು ಎಂದು ಕೇಳಿದರೆ ‘ಅಚೀವ್‌ಮೆಂಟ್’ ಎಂದೋ ‘ಟ್ರೋಫಿ’ ಎಂದೋ ಉತ್ತರ ಬರುತ್ತದೆ. ನೂರು ಶತ್ರುಗಳನ್ನು ಸೋಲಿಸಿದ್ದಕ್ಕೆ ಒಂದು, ಒಮ್ಮೆಯೂ ಬೀಳದೆ ಸೇತುವೆ ದಾಟಿದ್ದಕ್ಕೆ ಒಂದು, ಅಡಗಿಸಿಟ್ಟ ಪೆಟ್ಟಿಗೆಗಳನ್ನೆಲ್ಲ ತೆರೆದಿದ್ದಕ್ಕೆ ಮತ್ತೊಂದು. ಇವು ಕೈಯಲ್ಲಿ ಹಿಡಿಯುವ ಪದಕಗಳಲ್ಲ, ಅಂಗಡಿಯಲ್ಲಿ ಚಲಾವಣೆಯಾಗುವ ನಾಣ್ಯಗಳೂ ಅಲ್ಲ. ಆದರೂ ಇವುಗಳಿಗಾಗಿ ನಿದ್ದೆಗೆಟ್ಟವರಿದ್ದಾರೆ. ಇವು ಆಟದ ಸಂತೋಷವನ್ನು ಹೆಚ್ಚಿಸುತ್ತವೆಯೇ ಅಥವಾ ನಮಗರಿವಿಲ್ಲದಂತೆ ಕಸಿದುಕೊಳ್ಳುತ್ತವೆಯೇ? ಮಕ್ಕಳಾಟದ ಪ್ರಶ್ನೆಯೆಂದು ತಳ್ಳಿಹಾಕುವ ಮುನ್ನ ಸ್ವಲ್ಪ ಹೊತ್ತು ನನ್ನೊಡನೆ ಯೋಚಿಸಿ ನೋಡಿ.

ಈ ಪದ್ಧತಿ ತೀರಾ ಹೊಸದೇನಲ್ಲ. ಅಮೆರಿಕದ ಆಕ್ಟಿವಿಷನ್ ಸಂಸ್ಥೆಯು 1982ರಲ್ಲಿ ‘ಪಿಟ್‌ಫಾಲ್’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ 20,000 ಅಂಕ ಗಳಿಸಿದವರು ಟಿ.ವಿ. ತೆರೆಯ ಛಾಯಾಚಿತ್ರ ತೆಗೆದು ಅಂಚೆಯಲ್ಲಿ ಕಳುಹಿಸಿದರೆ, ಅಂಗಿಗೆ ಹೊಲಿದುಕೊಳ್ಳಬಹುದಾದ ಬಟ್ಟೆಯ ಬಿಲ್ಲೆಯೊಂದು ಮನೆಗೆ ಬರುತ್ತಿತ್ತು. ಫಿಲಂ ತೊಳೆಸಿ, ಲಕೋಟೆ ಅಂಟಿಸಿ, ಅಂಚೆಯವನ ದಾರಿ ಕಾಯಬೇಕಿದ್ದ ಕಾಲ ಅದು. ಅಷ್ಟೆಲ್ಲ ಕಾದು ಪಡೆದ ಬಿಲ್ಲೆಯನ್ನು ತೊಟ್ಟ ಹುಡುಗನ ಹೆಮ್ಮೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

2005ರಲ್ಲಿ ಮೈಕ್ರೋಸಾಫ್ಟ್‌ನ ‘ಎಕ್ಸ್‌ಬಾಕ್ಸ್ 360’ ಬಂದಾಗ ಈ ಬಿಲ್ಲೆಯ ಸ್ವರೂಪವೇ ಬದಲಾಯಿತು. ಅಂಗಡಿಯಲ್ಲಿ ಮಾರುವ ಪ್ರತಿಯೊಂದು ಆಟಕ್ಕೂ ಒಟ್ಟು 1,000 ಅಂಕಗಳನ್ನು ನಿಗದಿಪಡಿಸಿ, ಒಂದು ಆಟದಲ್ಲಿ ಗಳಿಸಿದ್ದನ್ನು ಇನ್ನೊಂದರ ಗಳಿಕೆಯೊಡನೆ ಕೂಡಿಸಿ, ಆ ಮೊತ್ತವನ್ನು ಆಟಗಾರನ ಹೆಸರಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ತೋರಿಸಲಾಯಿತು. 2007ರಲ್ಲಿ ಕಂಪ್ಯೂಟರ್ ಆಟಗಳ ಮಳಿಗೆಯಾದ ‘ಸ್ಟೀಮ್’, 2008ರಲ್ಲಿ ಸೋನಿಯ ‘ಪ್ಲೇಸ್ಟೇಷನ್ 3’ ಇದೇ ಹಾದಿ ಹಿಡಿದವು. ಸೋನಿಯದು ಕಂಚು, ಬೆಳ್ಳಿ, ಚಿನ್ನದ ಟ್ರೋಫಿಗಳು. ಒಂದು ಆಟದ ಎಲ್ಲವನ್ನೂ ಗೆದ್ದರೆ ಕೊನೆಗೆ ಪ್ಲಾಟಿನಂ. ನಿಂಟೆಂಡೋ ಸಂಸ್ಥೆ ಮಾತ್ರ 2017ರ ತನ್ನ ‘ಸ್ವಿಚ್’ ಯಂತ್ರದಲ್ಲಿಯೂ ಇಂಥ ವ್ಯವಸ್ಥೆಯನ್ನು ಇಡಲಿಲ್ಲ. ಅದರಿಂದ ಆ ಯಂತ್ರದ ಜನಪ್ರಿಯತೆಗೆ ಯಾವ ಕುಂದೂ ಬರಲಿಲ್ಲ ಎಂಬುದನ್ನು ನೆನಪಿನಲ್ಲಿಡಿ.

ಲೆಕ್ಕವೆಂಬುದು ಬಂದ ಮೇಲೆ ಲೆಕ್ಕಕ್ಕಾಗಿಯೇ ಆಡುವವರು ಬರದಿರುತ್ತಾರೆಯೇ? 2007ರಲ್ಲಿ ‘ಅವತಾರ್’ ಎಂಬ ಕಾರ್ಟೂನ್ ಸರಣಿಯನ್ನು ಆಧರಿಸಿದ ‘ದಿ ಬರ್ನಿಂಗ್ ಅರ್ಥ್’ ಎಂಬ ಆಟ ಎಕ್ಸ್‌ಬಾಕ್ಸ್‌ಗೆ ಬಂದಿತು. ಆರಂಭದಲ್ಲಿ ಒಂದೆಡೆ ನಿಂತು ಒಂದೇ ಗುಂಡಿಯನ್ನು ಕೆಲವು ನಿಮಿಷ ಒತ್ತುತ್ತಿದ್ದರೆ ಸಾಕು, 1,000 ಅಂಕಗಳೂ ಕೈಸೇರುತ್ತಿದ್ದವು. ಕಥೆಯನ್ನು ನೋಡುವ ಗೋಜಿಲ್ಲದೆ, ಕೇವಲ ಆ ಅಂಕಗಳಿಗಾಗಿ ಆ ಆಟವನ್ನು ಹುಡುಕಿ ತಂದವರು ಅನೇಕರು. ಹಣ್ಣನ್ನು ಬಿಟ್ಟು ಸಿಪ್ಪೆಯನ್ನು ಎಣಿಸಿದ ಹಾಗಾಯಿತು.

ನನ್ನ ಅಕ್ಕನ ಮಗ ಪದವಿ ವ್ಯಾಸಂಗಕ್ಕಾಗಿ ನಮ್ಮ ಮನೆಯಲ್ಲಿಯೇ ಉಳಿದುಕೊಂಡಿದ್ದಾನೆ. ಅವನ ಬಳಿ ಒಂದು ಪ್ಲೇಸ್ಟೇಷನ್ ಇದೆ. ಹಿಂದಿನ ಬೇಸಿಗೆ ರಜೆಯಲ್ಲಿ ಅವನು 2009ರ ‘ಅಸಾಸಿನ್ಸ್ ಕ್ರೀಡ್ 2’ ಎಂಬ ಆಟವನ್ನು ಆಡುತ್ತಿದ್ದ. (ಇದು ವಯಸ್ಕರಿಗಾಗಿ ಮಾಡಿದ ಆಟ. ಪೆಟ್ಟಿಗೆಯ ಮೇಲೆಯೇ ಹಾಗೆಂದು ಅಚ್ಚಾಗಿರುತ್ತದೆ. ಹೆತ್ತವರು ದಯವಿಟ್ಟು ಓದಬೇಕು.) ಕಥೆ ನಡೆಯುವುದು ಹದಿನೈದನೆಯ ಶತಮಾನದ ಇಟಲಿಯಲ್ಲಿ. ಫ್ಲಾರೆನ್ಸ್ ನಗರದ ಎಟ್ಸಿಯೋ ಎಂಬ ತರುಣನಿಗೆ ಪೆಟ್ರೂಚಿಯೋ ಎಂಬ ಕಾಯಿಲೆಯ ತಮ್ಮನಿದ್ದಾನೆ. ಆ ಬಾಲಕನಿಗೆ ಹಕ್ಕಿಯ ಗರಿಗಳನ್ನು ಕೂಡಿಡುವ ಆಸೆ. ಮಾಡಿನ ಮೇಲೆ ಬಿದ್ದ ಗರಿಗಳನ್ನು ಅಣ್ಣನೇ ಏರಿ ತಂದುಕೊಡುತ್ತಾನೆ. ಆಮೇಲೆ ಪಿತೂರಿಯೊಂದರಲ್ಲಿ ತಂದೆಯೂ ಇಬ್ಬರು ಸೋದರರೂ ಗಲ್ಲಿಗೇರುತ್ತಾರೆ, ಆ ಎಳೆಯ ಬಾಲಕನೂ ಸಹ. ತಾಯಿ ದುಃಖದಿಂದ ಮಾತು ನಿಲ್ಲಿಸಿಬಿಡುತ್ತಾಳೆ. ಅಲ್ಲಿಂದ ಮುಂದೆ ಎಟ್ಸಿಯೋ ಊರೂರಿನ ಮಾಡುಗಳನ್ನೇರಿ ನೂರು ಗರಿಗಳನ್ನು ಹುಡುಕಿ ತಂದು ತಾಯಿಯ ಕೋಣೆಯ ಪೆಟ್ಟಿಗೆಯಲ್ಲಿ ಇಡಬಹುದು. ಇಟ್ಟರೆ ಸಿಗುವ ಟ್ರೋಫಿಯ ಹೆಸರು ‘ಪೆಟ್ರೂಚಿಯೋನ ನೆನಪಿಗೆ’ ಎಂಬ ಅರ್ಥದ್ದು.

ಮೊದಲ ದಿನಗಳಲ್ಲಿ ನಾನೂ ಪಕ್ಕದಲ್ಲಿ ಕುಳಿತು ನೋಡಿದ್ದೆ. ಗಲ್ಲಿನ ದೃಶ್ಯ ಬಂದಾಗ ಇಬ್ಬರೂ ಮಾತಾಡಲಿಲ್ಲ. ಎರಡು ವಾರಗಳ ಬಳಿಕ ಒಂದು ಸಂಜೆ ಹೋಗಿ ನೋಡಿದರೆ ಅವನ ಬಲ ತೊಡೆಯ ಮೇಲೆ ಮೊಬೈಲು, ಅದರಲ್ಲಿ ಯಾರೋ ಗುರುತು ಹಾಕಿಟ್ಟ ನಕ್ಷೆ. ತೆರೆಯ ಮೇಲೆ ವೆನಿಸ್ ನಗರ, ಕಾಲುವೆಗಳು, ಕೆಂಪು ಹಂಚಿನ ಮಾಡುಗಳು. ಅವನ ಕಣ್ಣು ನಕ್ಷೆಯ ಮೇಲಿಂದ ಗರಿಗೆ, ಗರಿಯಿಂದ ನಕ್ಷೆಗೆ ಓಡಾಡುತ್ತಿತ್ತೇ ಹೊರತು ಕಾಲುವೆಯ ನೀರಿನ ಕಡೆಗೆ ಒಮ್ಮೆಯೂ ಹೋಗಲಿಲ್ಲ.

“ಈ ಗರಿಗಳು ಯಾತಕ್ಕೋ?” ಎಂದೆ.

“ಟ್ರೋಫಿಗೆ, ಮಾಮ. ಇನ್ನು ಮೂವತ್ತೊಂದು ಬಾಕಿ.”

“ಆ ಹುಡುಗನ ಹೆಸರೇನು?”

“ಯಾವ ಹುಡುಗ?” ಎಂದವನು ಒಂದು ಕ್ಷಣ ಕೈ ನಿಲ್ಲಿಸಿದ. “ಹೌದಲ್ಲ...” ಎಂದ. ಬಳಿಕ ಮುಂದಿನ ಮಾಡಿಗೆ ಜಿಗಿದ.

ಆ ಹುಡುಗನನ್ನು ನಾನು ದೂರುತ್ತಿಲ್ಲ. ಅವನ ವಾದವೂ ತೂಕದ್ದೇ. ಸಾವಿರಾರು ರೂಪಾಯಿ ಕೊಟ್ಟು ವರ್ಷಕ್ಕೆ ಒಂದೋ ಎರಡೋ ಆಟ ಕೊಳ್ಳುವವನಿಗೆ ಅದು ತಿಂಗಳುಗಟ್ಟಲೆ ಬಾಳಬೇಕು; ಟ್ರೋಫಿಗಳಿಲ್ಲದಿದ್ದರೆ ಹದಿನೈದು ದಿನಕ್ಕೇ ಮುಗಿದುಹೋಗುತ್ತಿತ್ತು ಎನ್ನುತ್ತಾನೆ. ನಿಜವೇ. ಆದರೆ ಹೆಚ್ಚು ಕಾಲ ಆಡುವುದೂ ಹೆಚ್ಚು ಸಂತೋಷಪಡುವುದೂ ಒಂದೇ ಅಲ್ಲವಲ್ಲ. ಪ್ಲಾಟಿನಂ ಬಂದ ಮರುದಿನದಿಂದ ಅವನು ಆ ಆಟವನ್ನು ತೆರೆಯಲಿಲ್ಲ. ಕೇಳಿದರೆ “ಮುಗಿಯಿತಲ್ಲ” ಎಂದ.

ಈ ವಿಚಾರದಲ್ಲಿ ಐವತ್ತು ವರ್ಷಗಳ ಹಿಂದಿನ ಒಂದು ಪ್ರಯೋಗವನ್ನು ನಿಮಗೆ ಹೇಳಬೇಕು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಬಣ್ಣದ ಸ್ಕೆಚ್ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವರಿಗೆ “ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ” ಎಂದು ಮುಂಚೆಯೇ ಹೇಳಿ, ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇದ್ದ ಪ್ರಶಸ್ತಿ ಪತ್ರ ಕೊಟ್ಟರು. ಇನ್ನು ಕೆಲವರಿಗೆ ಅದೇ ಪತ್ರವನ್ನು ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರಗಳ ಬಳಿಕ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ಮರೆಯಿಂದ ನೋಡಿದಾಗ, ಬಹುಮಾನದ ಭರವಸೆ ಪಡೆದಿದ್ದ ಮಕ್ಕಳು ಚಿತ್ರ ಬಿಡಿಸುವುದರಲ್ಲಿ ಕಳೆದ ಸಮಯ ಇತರರದ್ದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಅಂಥ ಹಾನಿಯಾಗಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಧರ್ಮೋಪದೇಶ ತರಗತಿಯ ಗೋಡೆಯ ಮೇಲೆ ಹಾಜರಿಗಾಗಿ ಅಂಟಿಸುವ ನಕ್ಷತ್ರಗಳು. ಆ ಚರ್ಚೆ ಬೇರೆ. ಶಿಕ್ಷಕರೇ ಬರೆದರೆ ಚೆನ್ನ. ಮಗ್ಗಿ ಬಾಯಿಪಾಠದಂತೆ ಮಗುವಿಗೆ ಮೊದಲೇ ರುಚಿಸದ ಕೆಲಸಕ್ಕೆ ಸಣ್ಣ ಬಹುಮಾನ ಊರುಗೋಲಾಗಬಹುದು. ಆದರೆ ಆಟವೆಂಬುದು ತಾನಾಗಿಯೇ ರುಚಿಸುವ ವಸ್ತು. ಓಡುವವನಿಗೆ ಊರುಗೋಲು ಕೊಟ್ಟರೆ ಅವನು ಓಡುವುದನ್ನು ಬಿಟ್ಟು ಕೋಲನ್ನು ನೋಡತೊಡಗುತ್ತಾನೆ.

ಹಾಗೆಂದು ಪದಕಗಳೆಲ್ಲ ಕೆಟ್ಟವೆಂದು ಹೇಳಲು ನನಗೆ ಮನಸ್ಸಿಲ್ಲ. ಆ ಪ್ರಯೋಗದಲ್ಲಿನ ‘ಹೇಳದೆ ಕೊಟ್ಟ ಬಹುಮಾನ’ದಂತೆ, ಆಟಗಳಲ್ಲಿಯೂ ಗುಟ್ಟಾಗಿ ಇರಿಸಿದ ಪದಕಗಳುಂಟು. ಪಟ್ಟಿಯಲ್ಲಿ ಅವುಗಳ ವಿವರ ಕಾಣುವುದಿಲ್ಲ. ಆಡುವವನು ತನ್ನ ಕುತೂಹಲದಿಂದಲೇ ಏನನ್ನೋ ಮಾಡಿದಾಗ, ಆಟವನ್ನು ರಚಿಸಿದವರು “ನೀನು ಇದನ್ನೂ ನೋಡಿದೆಯಾ!” ಎಂದು ಬೆನ್ನು ತಟ್ಟಿದಂತೆ ಅದು ಮೂಡುತ್ತದೆ.

ಪಟ್ಟಿಯಲ್ಲಿ ಹೇಳಿಯೇ ಕೊಡುವವುಗಳಲ್ಲಿಯೂ ಸೊಗಸಾದವಿವೆ. 2007ರ ‘ಹಾಫ್-ಲೈಫ್ 2: ಎಪಿಸೋಡ್ ಟೂ’ ಆಟದ ಆರಂಭದಲ್ಲಿ ತೋಟದಲ್ಲಿಡುವಂಥ ಒಂದು ಕುಳ್ಳನ ಬೊಂಬೆ ಬಿದ್ದಿರುತ್ತದೆ. ಅದನ್ನು ಆಟದ ಕೊನೆಯ ಭಾಗದವರೆಗೂ ಹೊತ್ತುಕೊಂಡು ಹೋಗಿ ರಾಕೆಟ್ಟಿನೊಳಗೆ ಇರಿಸಿದವರಿಗೆ ಒಂದು ಪದಕ. ಬೊಂಬೆಯನ್ನು ಹಿಡಿದಿದ್ದರೆ ಬಂದೂಕು ಹಾರಿಸಲಾಗದು. ಶತ್ರು ಬಂದಾಗ ಕೆಳಗಿಡಬೇಕು, ಮತ್ತೆ ಎತ್ತಿಕೊಳ್ಳಬೇಕು. ಕಾರಿನಲ್ಲಿಟ್ಟರೆ ತಿರುವಿನಲ್ಲಿ ಉರುಳಿ ಬೀಳುತ್ತದೆ, ಇಳಿದು ಹುಡುಕಬೇಕು. ಯುದ್ಧದ ಆಟವೊಂದು ಹೀಗೆ ಕಂಕುಳ ಕೂಸನ್ನು ಕಾಪಾಡುವ ಆಟವಾಗಿ ಮಾರ್ಪಡುತ್ತದೆ. ಅಕ್ಕನ ಮಗ ಇದನ್ನು ತನ್ನ ಸ್ನೇಹಿತನ ಕಂಪ್ಯೂಟರಿನಲ್ಲಿ ಆಡಿ ಬಂದು, ಬೊಂಬೆ ಎಲ್ಲೆಲ್ಲಿ ಬಿತ್ತೆಂದು ಊಟದ ಹೊತ್ತಿನಲ್ಲಿ ನಮಗೆಲ್ಲ ಹೇಳಿ ಹೇಳಿ ನಕ್ಕ. ನೂರು ಗರಿಗಳ ಬಗ್ಗೆ ಅವನು ಹಾಗೆ ಒಂದು ಕಥೆಯನ್ನೂ ಹೇಳಿರಲಿಲ್ಲ. ಒಂದು ಪದಕ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನನಗೆ ದೊರೆತ ಅಳತೆಗೋಲು ಇದೊಂದೇ.

ನೀವು ಮನೆಯಲ್ಲಿ ಬೇಕಾದರೆ ಪರೀಕ್ಷಿಸಬಹುದು. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಯಂತ್ರಗಳ ಸೆಟ್ಟಿಂಗ್ಸ್‌ನಲ್ಲಿ ಈ ಸೂಚನೆಗಳನ್ನು ನಿಲ್ಲಿಸುವ ಅವಕಾಶವಿದೆ. ಪದಕ ಜಮೆಯಾಗುತ್ತದೆ, ಸದ್ದು ಮಾತ್ರ ಕೇಳುವುದಿಲ್ಲ. ಆಜ್ಞೆಯಂತೆ ಹೇಳಿದರೆ ಯಾವ ತರುಣನೂ ಕೇಳುವುದಿಲ್ಲವೆಂಬುದು ನಿಮಗೂ ಗೊತ್ತು. “ಒಂದು ವಾರ ಹಾಗೆ ಆಡಿ ನೋಡೋ, ಏನನ್ನಿಸಿತೆಂದು ಹೇಳು” ಎಂದು ನಾನು ಕೇಳಿಕೊಂಡೆ. ಒಪ್ಪಿದ. ನಾಲ್ಕನೆಯ ದಿನ ಮತ್ತೆ ಹಾಕಿಕೊಂಡ. ಆದರೆ ಆ ಮೂರು ದಿನಗಳಲ್ಲಿ ಒಮ್ಮೆ ನನ್ನನ್ನು ಕರೆದು, ಒಂದು ಗೋಪುರದ ತುದಿಯಿಂದ ಸೂರ್ಯ ಮುಳುಗುವುದನ್ನು ತೋರಿಸಿದ್ದ.

2013ರಲ್ಲಿ ಬಂದ ‘ದಿ ಸ್ಟ್ಯಾನ್ಲಿ ಪ್ಯಾರಬಲ್’ ಎಂಬ ಆಟ ಈ ಪದಕಗಳ ಮೋಹವನ್ನೇ ಗೇಲಿ ಮಾಡುತ್ತದೆ. ಅದರ ಒಂದು ಪದಕದ ಹೆಸರು ‘ಹೊರಗೆ ಹೋಗು’ ಎಂಬರ್ಥದ್ದು. ಐದು ವರ್ಷಗಳ ಕಾಲ ಆ ಆಟವನ್ನು ಆಡದೆ ಇದ್ದವರಿಗೆ ಮಾತ್ರ ಅದು ಲಭ್ಯ. ಇದನ್ನು ಅಕ್ಕನ ಮಗನೇ ನನಗೆ ಹೇಳಿದ್ದು. ಕಂಪ್ಯೂಟರಿನ ಗಡಿಯಾರವನ್ನು ಐದು ವರ್ಷ ಮುಂದಕ್ಕೆ ತಿರುಗಿಸಿ, ಒಂದೇ ನಿಮಿಷದಲ್ಲಿ ಆ ಪದಕವನ್ನು ಪಡೆದವರೂ ಇದ್ದಾರಂತೆ.